ಅಮ್ಮನ ಜೊತೆ ಲೀತ್ ಹಿಲ್ ಗೋಪುರ ಹತ್ತುವ ಬಗೆ

ಊರಿಂದ ಅಪ್ಪ ಅಮ್ಮ ಬಂದರೆ ಇಲ್ಲಿ ಇಂಗ್ಲೆಂಡಿನಲ್ಲಿ ಎಲ್ಲರೂ ಲಂಡನ್ ಐ ತೋರಿಸುತ್ತಾರೆ. ನಾನು ಲಂಡನ್ನಿನ ದಕ್ಷಿಣಕ್ಕಿರುವ ಸರ‍್ರೆ ಜಿಲ್ಲೆಯ ಲೀತ್ ಹಿಲ್ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ. ಡಾರ್ಕಿಂಗ್ ಪಟ್ಟಣ ದಾಟಿದರೆ ಆಯಿತು, ಮುಂದೆಲ್ಲ ಕಾಡು.

ಎಡವಟ್ಟಾಗುವುದು ಕಾರ್ ನಿಲ್ಲಿಸುವುದರಲ್ಲಿ. ವಿಂಡಿ ಗ್ಯಾಪ್ ಪಾರ್ಕಿಂಗ್ ಗೋಪುರಕ್ಕೆ ಹತ್ತಿರ ನಿಜ, ಆದರೆ ಕಡಿದಾದ ಏರು. ಮೊದಲ ಸಲ ಅಮ್ಮನನ್ನು ಅಲ್ಲಿಂದಲೇ ಹತ್ತಿಸಿದೆ. ಅರ್ಧ ದಾರಿಯಲ್ಲಿ ಮರದ ಬೇರಿನ ಮೇಲೆ ಕೂತುಬಿಟ್ಟರು. "ಇದಕ್ಕಿಂತ ಶ್ರವಣಬೆಳಗೊಳ ವಾಸಿ ಕಣೋ!" ಮಂಡಿನೋವಿನವರು ಜೊತೆಗಿದ್ದರೆ ಸ್ಟಾರ್ವಾಲ್ ಕಾರ್ನರ್‌ನಲ್ಲಿ ನಿಲ್ಲಿಸಿ. ನಡಿಗೆ ಜಾಸ್ತಿ, ಏರು ಕಮ್ಮಿ. ಚಳಿಗಾಲದಲ್ಲಿ ಕೆಸರಿರುತ್ತದೆ, ಬೂಟು ಬೇಕೇ ಬೇಕು. ಏಪ್ರಿಲ್ ಕೊನೆಗೆ ಹೋದರೆ ಬ್ಲೂಬೆಲ್ ಹೂವೂ ಸಿಗುತ್ತದೆ.

ಮೇಲೆ ತಲುಪಿದ್ದೇ ಅಮ್ಮ ಕೇಳಿದರು, "ಗೋಪುರ ಅಂದೆ, ದೇವರೆಲ್ಲಿ?"

"ದೇವರಿಲ್ಲಮ್ಮ. ಕಟ್ಟಿಸಿದವನೇ ಕೆಳಗೆ ಮಲಗಿದ್ದಾನೆ."

ಸುಮ್ನೆ ಹೇಳಿದ್ದಲ್ಲ. 1765ರಲ್ಲಿ ಇದನ್ನು ಕಟ್ಟಿಸಿದ ರಿಚರ್ಡ್ ಹಲ್‌ನನ್ನು 1772ರಲ್ಲಿ ಇದರಡಿಯಲ್ಲೇ ಹೂಳಿದರು. ಬೆಟ್ಟ 965 ಅಡಿ, ಗೋಪುರ 64 ಅಡಿ. ಅವನು ಹೋದ ಮೇಲೆ ಕಟ್ಟಡ ಪಾಳುಬಿತ್ತು, ಒಳಗೆ ಕಲ್ಲುಮಣ್ಣು ತುಂಬಿ ಮುಚ್ಚಿಬಿಟ್ಟರು. ಮತ್ತೆ ತೆರೆಯಲು ಹೊರಟಾಗ ಒಳಗೆ ಮೆಟ್ಟಿಲಿಗೆ ಜಾಗ ಎಲ್ಲಿ? 1864ರಲ್ಲಿ ಹೊರಗಿನಿಂದ ಇನ್ನೊಂದು ಸಣ್ಣ ಗೋಪುರ ಸೇರಿಸಿ ಅದರಲ್ಲಿ ಮೆಟ್ಟಿಲು ಮಾಡಿದರು. ಪಕ್ಕಕ್ಕೆ ಅಂಟಿಸಿದ ಹಾಗೆ ಕಾಣುವುದು ಅದೇ.

"ಸಮಾಧಿ ತುಳಿದುಕೊಂಡು ಹತ್ತೋದಾ?" ಅಮ್ಮ ನಿಂತೇಬಿಟ್ಟರು. ಬಾಗಿಲ ಮೇಲಿನ ಲ್ಯಾಟಿನ್ ಬರಹದ ಅರ್ಥ ಹೇಳಿದೆ: ತನ್ನೊಬ್ಬನ ಸಂತೋಷಕ್ಕಲ್ಲ, ನೆರೆಹೊರೆಯವರಿಗೂ ಎಲ್ಲ ಜನರಿಗೂ ಅಂತ ಕಟ್ಟಿಸಿದ್ದು. "ಹಂಗಾದ್ರೆ ಸರಿ" ಅಂದು ಸೆರಗು ಸಿಕ್ಕಿಸಿಕೊಂಡರು.

ಗೋಪುರ ಈಗ ನ್ಯಾಷನಲ್ ಟ್ರಸ್ಟ್‌ನದು, ಹಳೆಯ ಕಟ್ಟಡ, ಕಾಡುಮೇಡು ಕಾಪಾಡುವ ಸಂಸ್ಥೆ ಅದು. ತೆರೆದಿರುವ ಸಮಯ ಮೊದಲೇ ನೋಡಿಕೊಳ್ಳಿ, ಸದಸ್ಯರಲ್ಲದವರು ದುಡ್ಡು ಕೊಡಬೇಕು. ಮೆಟ್ಟಿಲು ಸುರುಳಿ, ಇಕ್ಕಟ್ಟು. ಬೆನ್ನಿನ ಬ್ಯಾಗ್ ಮುಂದಕ್ಕೆ ಹಾಕಿಕೊಳ್ಳಿ. ಇಳಿಯುವವರ ಸದ್ದು ಕೇಳಿದರೆ ಕೆಳಗೇ ಕಾಯಿರಿ.

ಮೇಲೆ ಹೋದವರೆಲ್ಲ ಉತ್ತರಕ್ಕೆ ತಿರುಗಿ ಲಂಡನ್ ಹುಡುಕುತ್ತಾರೆ. ನೀವು ದಕ್ಷಿಣದ ಕಡೆ ನಿಂತುಕೊಳ್ಳಿ. ದೂರದ ಸೌತ್ ಡೌನ್ಸ್ ಬೆಟ್ಟಸಾಲು ಒಂದು ಕಡೆ ತಗ್ಗುತ್ತದೆ, ಅದೇ ಶೋರಮ್ ಗ್ಯಾಪ್. ಮಳೆ ಬಂದು ತೊಳೆದ ಹಾಗಿರುವ ದಿನ ಅದರ ನಡುವೆ ಏನೋ ಮಿನುಗುತ್ತದೆ. ಕನ್ನಡಕ ಒರೆಸಿಕೊಂಡು ಅಮ್ಮ ಕೇಳಿದರು, "ಅಲ್ಲಿ ಯಾರದೋ ಮನೆಗೆ ತಗಡು ಹೊದಿಸಿದ್ದಾರಲ್ವಾ?"

ಸಮುದ್ರ ಅದು.