ಟೈಪ್‌ಡೆಫ್ ನೋಡಿ ತಲೆ ಕೆಟ್ಟರೆ ಆ ಪದ ಮುಚ್ಚಿ ಓದಿ

ಮೊನ್ನೆ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೆ ಹೋಗೋ ಮೆಟ್ರೋದಲ್ಲಿ ಪಕ್ಕದ ಹುಡುಗ ಸಿ ಪ್ರೋಗ್ರಾಮಿಂಗ್ ಭಾಷೆಯ ಪುಸ್ತಕದ ಒಂದೇ ಸಾಲು ದಿಟ್ಟಿಸುತ್ತಿದ್ದ. ಟೈಪ್‌ಡೆಫ್ ಅಂದ್ರೆ ಒಂದು ಟೈಪ್‌ಗೆ, ಅಂದ್ರೆ ಡೇಟಾದ ಬಗೆಗೆ, ಹೊಸ ಹೆಸರು ಕೊಡೋ ಪದ.

ಟೈಪ್‌ಡೆಫ್ ಇಂಟ್ (*ಹೋಲಿಕೆ)(ಇಂಟ್, ಇಂಟ್);

"ಅಣ್ಣಾ, ಹೊಸ ಹೆಸರು ಕೊನೇಲಿ ಇರಬೇಕಲ್ವಾ? ಇಲ್ಲಿ ಎಲ್ಲಿದೆ?" ಅಂದ. ಜಾಸ್ತಿ ಜನ ಎಡವೋದು ಇಲ್ಲೇ. ಟೈಪ್‌ಡೆಫ್ ಅನ್ನೋ ಪದಾನ ಬೆರಳಿಂದ ಮುಚ್ಚು ಅಂದೆ. ಉಳಿದಿದ್ದು ಮಾಮೂಲಿ ವೇರಿಯಬಲ್ ಡಿಕ್ಲರೇಷನ್: ಎರಡು ಇಂಟ್ (ಪೂರ್ಣಾಂಕ) ತಗೊಂಡು ಒಂದು ಇಂಟ್ ಕೊಡುವ ಫಂಕ್ಷನ್‌ಗೆ ಪಾಯಿಂಟರ್ (ಅದರ ವಿಳಾಸ ಇಟ್ಟುಕೊಳ್ಳೋದು), ಹೆಸರು ಹೋಲಿಕೆ. ಬೆರಳು ತೆಗೆದರೆ ಅದೇ ಹೆಸರು ವೇರಿಯಬಲ್ ಬದಲು ಟೈಪ್ ಆಗುತ್ತದೆ. ಅಷ್ಟೇ.

ಸ್ಟಾರ್ ಸುತ್ತಲಿನ ಬ್ರಾಕೆಟ್ ಮಾತ್ರ ಬಿಡಬೇಡಿ. ಬಿಟ್ಟರೆ ಅದು ಇಂಟ್ ಪಾಯಿಂಟರ್ ವಾಪಸ್ ಕೊಡುವ ಫಂಕ್ಷನ್‌ನ ಟೈಪ್ ಆಗಿಬಿಡುತ್ತದೆ. ಕಂಪೈಲರ್ ಆ ಸಾಲಲ್ಲಿ ಸುಮ್ನಿದ್ದು ಬೇರೆಲ್ಲೋ ಬೈಯುತ್ತದೆ. ನಾನೇ ಒಂದು ಇಡೀ ಸಂಜೆ ಹಾಳು ಮಾಡಿಕೊಂಡಿದ್ದೇನೆ.

ಟೈಪ್‌ಡೆಫ್‌ನ ಲಾಭ ಸಿಗ್ನಲ್ ಫಂಕ್ಷನ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಸಿಗ್ನಲ್ ಬಂದಾಗ ಯಾವ ಫಂಕ್ಷನ್ ಓಡಬೇಕು ಅಂತ ಹೇಳೋ ಸಿ ಲೈಬ್ರರಿ ಫಂಕ್ಷನ್ ಅದು; ವಾಯ್ಡ್ ಅಂದ್ರೆ ಏನೂ ವಾಪಸ್ ಕೊಡಲ್ಲ ಅಂತ. ಮೊದಲು ಹೀಗೆ:

ವಾಯ್ಡ್ (*ಸಿಗ್ನಲ್(ಇಂಟ್, ವಾಯ್ಡ್ (*)(ಇಂಟ್)))(ಇಂಟ್);

ಸಿಲ್ಕ್ ಬೋರ್ಡ್ ಟ್ರಾಫಿಕ್ ಥರ ಇದೆ ಅಲ್ವಾ? ಈಗ ನೋಡಿ:

ಟೈಪ್‌ಡೆಫ್ ವಾಯ್ಡ್ (*ಹ್ಯಾಂಡ್ಲರ್)(ಇಂಟ್);
ಹ್ಯಾಂಡ್ಲರ್ ಸಿಗ್ನಲ್(ಇಂಟ್, ಹ್ಯಾಂಡ್ಲರ್);

ಹುಡುಗ ಇಂದಿರಾನಗರ ಬರೋ ಹೊತ್ತಿಗೆ ಕ್ಯೂಸಾರ್ಟ್‌ಗೂ (ಸಾಲಾಗಿ ಜೋಡಿಸೋ ಸಿ ಫಂಕ್ಷನ್) ಒಂದು ಟೈಪ್‌ಡೆಫ್ ತಾನೇ ಬರೆದು ತೋರಿಸಿದ.