ಗುಡ್ಡದ ನಗರದಲ್ಲಿ ಮನೆ ಹಿಡಿದ ಬಗೆ: ನನ್ನ ಅನುಭವ

ಪರ್ವತ ಪ್ರದೇಶದ ಮಧ್ಯಮ ಗಾತ್ರದ ನಗರವೊಂದರಲ್ಲಿ ನೆಲೆಸಬೇಕೆಂದು ತೀರ್ಮಾನಿಸಿದ ಮೇಲೆ ನಾನು ಮೊದಲು ಹುಡುಕಿದ್ದು ಸಮೋನ್ನತಿ ರೇಖೆಗಳಿರುವ, ಅಂದರೆ ಒಂದೇ ಎತ್ತರದ ಜಾಗಗಳನ್ನು ಗೆರೆಗಳಿಂದ ಜೋಡಿಸಿ ತೋರಿಸುವ, ನಕ್ಷೆಯನ್ನು. ರಸ್ತೆಗಳನ್ನಷ್ಟೇ ತೋರಿಸುವ ನಕ್ಷೆ ಬಯಲಿನ ಊರಿಗೆ ಸಾಕು; ಇಳಿಜಾರಿನ ಮೇಲೆ ಕಟ್ಟಿದ ಊರಿನಲ್ಲಿ ಅದು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಕಚೇರಿಯಿಂದ ಮನೆಗೆ 300 ಮೀಟರ್ ಎಂದು ಫೋನಿನ ಪರದೆ ತೋರಿಸಬಹುದು. ಆ ದಾರಿಯಲ್ಲಿ 80 ಮೀಟರ್ ಏರು ಅಡಗಿದ್ದರೆ, ಒಂದು ಮೆಟ್ಟಿಲಿಗೆ 16 ಸೆಂಟಿಮೀಟರಿನಂತೆ, ದಿನವೂ 500 ಮೆಟ್ಟಿಲು ಹತ್ತಬೇಕು.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವೊಂದು ಇಲ್ಲಿ ನನಗೆ ನೆರವಾಯಿತು. ಸಮತಟ್ಟಾದ ದಾರಿಯಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್ ನಡಿಗೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂಬುದು ಅವರ ಅಂದಾಜು. ಈ ಲೆಕ್ಕದಲ್ಲಿ 100 ಮೀಟರ್ ಏರುವುದೆಂದರೆ ಸಮನೆಲದಲ್ಲಿ 800 ಮೀಟರಿಗೂ ಹೆಚ್ಚು ನಡೆದಂತೆ. ಆದ್ದರಿಂದ ಕೆಲಸದ ಜಾಗ, ದಿನಸಿ ಅಂಗಡಿ, ಬಸ್ ನಿಲ್ದಾಣ ಈ ಮೂರರಲ್ಲಿ ಎರಡಾದರೂ ಮನೆಯ ಮಟ್ಟದಿಂದ 30 ಮೀಟರ್ ಎತ್ತರ ಅಥವಾ ತಗ್ಗಿನೊಳಗೆ ಇರಬೇಕೆಂದು ನಿಯಮ ಹಾಕಿಕೊಂಡೆ. ಮನೆ ಪೇಟೆಗಿಂತ ಮೇಲಿರಬೇಕೋ ಕೆಳಗಿರಬೇಕೋ ಎಂಬ ಬಗ್ಗೆ ಜನರಲ್ಲಿ ಎರಡು ಅಭಿಪ್ರಾಯಗಳಿವೆ. ನಾನು ಕೆಳಗಿನದನ್ನೇ ಆರಿಸಿದೆ: ಬೆಳಿಗ್ಗೆ ಬರಿಗೈಯಲ್ಲಿ ಹತ್ತಿ, ಸಂಜೆ ಚೀಲಗಳ ಭಾರದೊಂದಿಗೆ ಇಳಿಯುವುದು ಉಸಿರಿಗೆ ಹಗುರ. ಮೊಣಕಾಲು ನೋವಿರುವವರಿಗೆ ಈ ಮಾತು ಅನ್ವಯಿಸದು; ಅವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.

ಇಂಥ ಏರುಗಳನ್ನು ರೋಪ್‌ವೇಯಿಂದ ಗೆದ್ದ ನಗರಗಳೂ ಇವೆ. ಕೊಲಂಬಿಯಾದ ಮೆಡೆಲಿನ್ 2004ರಲ್ಲಿ, ಬೊಲಿವಿಯಾದ ಲಾ ಪಾಸ್ 2014ರಲ್ಲಿ ಕೇಬಲ್ ಕಾರುಗಳನ್ನು ನಗರ ಸಾರಿಗೆಯ ಭಾಗವನ್ನಾಗಿ ಮಾಡಿಕೊಂಡವು. ಅವು ದೊಡ್ಡ ನಗರಗಳು. ಮಧ್ಯಮ ಗಾತ್ರದ ಊರುಗಳಲ್ಲಿ ಬಹುಮಟ್ಟಿಗೆ ಮೆಟ್ಟಿಲೇ ಗತಿ, ಆ ಮೆಟ್ಟಿಲ ದಾರಿಗಳನ್ನು ಚೊಕ್ಕಟವಾಗಿ, ದೀಪ ಹಾಕಿ ಇಟ್ಟುಕೊಂಡಿರುವ ಊರನ್ನು ನಾನು ಒಳ್ಳೆಯ ಊರೆಂದು ಲೆಕ್ಕಿಸುತ್ತೇನೆ.

ನಂತರದ ಪ್ರಶ್ನೆ ಬಿಸಿಲಿನದು. ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಚಳಿಗಾಲದ ಬಿಸಿಲು ದಕ್ಕುತ್ತದೆ, ಉತ್ತರಕ್ಕೆ ತಿರುಗಿದ ಇಳಿಜಾರು ನೆರಳಿನಲ್ಲೇ ಉಳಿಯುತ್ತದೆ. ಒಂದೇ ಬೆಟ್ಟದ ಎರಡು ಪಕ್ಕಗಳ ನಡುವೆ ವ್ಯತ್ಯಾಸ ಎಷ್ಟೆಂಬುದನ್ನು ಮೆಟ್ಟಿಲುಗಳನ್ನು ನೋಡಿಯೇ ತಿಳಿಯಬಹುದು. ಬಿಸಿಲಿನ ಪಕ್ಕದ ಕಲ್ಲು ಒಣಗಿ ಬಿಳಿಚಿಕೊಂಡಿದ್ದರೆ, ನೆರಳಿನ ಪಕ್ಕದ ಕಲ್ಲಿನ ಸಂದಿನಲ್ಲಿ ಪಾಚಿ, ತುಳಿಯುವ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಜಾರಿಕೆ, ಹೆಪ್ಪುಗಟ್ಟುವ ಚಳಿಯಿರುವ ಊರಾದರೆ ಮಧ್ಯಾಹ್ನದವರೆಗೂ ಕರಗದ, ಹೆಪ್ಪುಗಟ್ಟಿದ ಇಬ್ಬನಿ. ಮನೆ ಯಾವ ದಿಕ್ಕಿಗಿದ್ದರೂ ಎದುರಿನ ಬೆಟ್ಟ ಸೂರ್ಯನನ್ನು ಮರೆಮಾಡುತ್ತದೆಯೇ ಎಂದು ಅಳೆಯುವುದು ಸುಲಭ. 90 ಡಿಗ್ರಿಯಿಂದ ಆ ಊರಿನ ಅಕ್ಷಾಂಶವನ್ನೂ 23.5ನ್ನೂ ಕಳೆದರೆ ಡಿಸೆಂಬರ್ ಸಂಕ್ರಮಣದ ನಡುಹಗಲಿನಲ್ಲಿ ಸೂರ್ಯ ಎಷ್ಟು ಮೇಲಿರುತ್ತಾನೆ ಎಂಬ ಕೋನ ಸಿಗುತ್ತದೆ. 30 ಡಿಗ್ರಿ ಅಕ್ಷಾಂಶದಲ್ಲಿ ಅದು 36.5 ಡಿಗ್ರಿ. ಕೋಣೆಯ ಕಿಟಕಿಯಲ್ಲಿ ನಿಂತು ಫೋನಿನ ಕೋನಮಾಪಕವನ್ನು ದಕ್ಷಿಣದ ಬೆಟ್ಟದ ನೆತ್ತಿಗೆ ಹಿಡಿದೆ. ನೆತ್ತಿಯ ಕೋನ ಇದಕ್ಕಿಂತ ಹೆಚ್ಚಾದ ಮನೆಗಳನ್ನು ಪಟ್ಟಿಯಿಂದ ತೆಗೆದುಹಾಕಿದೆ. ಹೀಗೆ ಲೆಕ್ಕ ಹಾಕುವುದು ಅತಿಯಾಯಿತೆಂದು ನಕ್ಕವರಿಗೆ ನಾನು ನಾರ್ವೆಯ ರ‍್ಯೂಕನ್ ಪಟ್ಟಣದ ವಿಷಯ ಹೇಳುತ್ತೇನೆ: ಕಣಿವೆಯ ತಳದಲ್ಲಿರುವ ಆ ಊರಿಗೆ ವರ್ಷದ ಆರು ತಿಂಗಳ ಆಸುಪಾಸು ನೇರ ಬಿಸಿಲೇ ಬೀಳದ ಕಾರಣ, 2013ರಲ್ಲಿ ಬೆಟ್ಟದ ಮೇಲೆ ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ ಊರ ಚೌಕಕ್ಕೆ ಬೆಳಕು ಇಳಿಸಿಕೊಂಡರು.

ಕಣಿವೆಯ ತಳವನ್ನು ಬಿಟ್ಟು ಮೇಲೆ ಬರಲು ಇನ್ನೊಂದು ಕಾರಣ ಗಾಳಿ. ಸಾಮಾನ್ಯವಾಗಿ ಮೇಲಕ್ಕೆ ಹೋದಂತೆ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗುತ್ತದೆ ಎಂದು ನಾವು ಓದಿರುತ್ತೇವೆ. ಆದರೆ ಚಳಿಗಾಲದ ನಿರ್ಮಲ, ನಿಶ್ಚಲ ರಾತ್ರಿಗಳಲ್ಲಿ ತಣ್ಣನೆಯ ಭಾರವಾದ ಗಾಳಿ ಇಳಿಜಾರಿನಗುಂಟ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ, ಅದರ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕೂರುತ್ತದೆ, ಒಲೆಯ ಹೊಗೆ, ವಾಹನಗಳ ಹೊಗೆ ಎಲ್ಲವೂ ಅದರಡಿ ಸಿಕ್ಕಿಕೊಳ್ಳುತ್ತವೆ. ಕಠ್ಮಂಡು ಮತ್ತು ಸಾಲ್ಟ್ ಲೇಕ್ ಸಿಟಿಗಳ ಚಳಿಗಾಲದ ಗಾಳಿ ಕೆಡುವುದು ಹೀಗೆಯೇ. ಪರ್ವತದ ಊರೆಂದರೆ ಶುದ್ಧ ಗಾಳಿ ಎಂಬ ನಂಬಿಕೆಯನ್ನು ತಳದ ಬಡಾವಣೆಯೊಂದರಲ್ಲಿ ಡಿಸೆಂಬರಿನ ಬೆಳಗಿನ ಏಳು ಗಂಟೆಗೆ ನಿಂತು ಪರೀಕ್ಷಿಸುವುದು ಒಳ್ಳೆಯದು. ಅದೇ ಹೊತ್ತಿನಲ್ಲಿ ಇಳಿಜಾರಿನ ನಡುಭಾಗ ತಳಕ್ಕಿಂತ ಬೆಚ್ಚಗಿರುತ್ತದೆ. ನಾನು ಹಿಡಿದ ಮನೆ ಆ ನಡುಭಾಗದಲ್ಲಿದೆ.

ಮನೆ ಆಯ್ಕೆಯಲ್ಲಿ ನಾನು ಅತಿ ಹೆಚ್ಚು ಸಮಯ ಕೊಟ್ಟದ್ದು ಮನೆಯ ಹಿಂದಿನ ತಡೆಗೋಡೆಗೆ. ಇಳಿಜಾರಿನ ಮನೆಗಳಲ್ಲಿ ಸಾಮಾನ್ಯವಾಗಿ ಅರ್ಧ ಭಾಗ ಗುಡ್ಡ ಕಡಿದ ಗಟ್ಟಿ ನೆಲದ ಮೇಲೆ, ಇನ್ನರ್ಧ ಕಡಿದ ಮಣ್ಣನ್ನೇ ತುಂಬಿ ಮಾಡಿದ ನೆಲದ ಮೇಲೆ ನಿಂತಿರುತ್ತದೆ. ತುಂಬಿದ ಮಣ್ಣು ವರ್ಷಗಳ ಕಾಲ ಕುಸಿಯುತ್ತಾ ಹೋಗುವುದರಿಂದ ಎರಡೂ ಸೇರುವ ಕಡೆ ಗೋಡೆಯಲ್ಲಿ ಓರೆಯಾದ ಬಿರುಕು ಮೂಡುತ್ತದೆ. ಹೊಸದಾಗಿ ಬಣ್ಣ ಬಳಿದ ಗೋಡೆ ಏನನ್ನೂ ಹೇಳದು, ಬಾಗಿಲುಗಳು ಹೇಳುತ್ತವೆ. ಚೌಕಟ್ಟು ಸ್ವಲ್ಪ ವಾಲಿದರೂ ಬಾಗಿಲು ಒಂದು ಮೂಲೆಯಲ್ಲಿ ಉಜ್ಜುತ್ತದೆ, ನೆಲದ ಮೇಲೆ ಕಾಲುಚಂದ್ರದಂಥ ಗೀರು ಬೀಳುತ್ತದೆ. ನಾನು ಪ್ರತಿ ಮನೆಯಲ್ಲೂ ಎಲ್ಲ ಬಾಗಿಲುಗಳನ್ನು ತೆರೆದು ಮುಚ್ಚಿ ನೋಡಿದೆ, ಮನೆ ತೋರಿಸುವವರಿಗೆ ಇದು ವಿಚಿತ್ರವಾಗಿ ಕಂಡಿರಬೇಕು. ಬಿರುಕಿದ್ದ ಮನೆಯನ್ನೆಲ್ಲ ತಿರಸ್ಕರಿಸಲಿಲ್ಲ. ಈಗಿರುವ ಮನೆಯಲ್ಲೂ ಒಂದಿದೆ. ಅದರ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿದ್ದೇನೆ. ಬಿರುಕು ಗೆರೆ ದಾಟಿದರೆ ಅದು ಬೆಳೆಯುತ್ತಿದೆ ಎಂದರ್ಥ, ಇದುವರೆಗೆ ದಾಟಿಲ್ಲ.

ತಡೆಗೋಡೆಯನ್ನು ನೋಡಬೇಕಾದದ್ದು ಜೋರು ಮಳೆ ನಿಂತ ಮರುದಿನ. ಗೋಡೆಯನ್ನು ಉರುಳಿಸುವುದು ಒಣಮಣ್ಣಿನ ಭಾರಕ್ಕಿಂತ ಹೆಚ್ಚಾಗಿ ಹಿಂದೆ ನಿಂತ ನೀರಿನ ಒತ್ತಡ. ಅದಕ್ಕಾಗಿಯೇ ಗೋಡೆಯುದ್ದಕ್ಕೂ ನೀರು ಹೊರಬರುವ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಮಳೆಯ ಮರುದಿನ ಆ ತೂತುಗಳಿಂದ ತಿಳಿನೀರು ತೊಟ್ಟಿಕ್ಕುತ್ತಿದ್ದರೆ ಗೋಡೆ ತನ್ನ ಕೆಲಸ ಮಾಡುತ್ತಿದೆ. ತೂತುಗಳು ಒಣಗಿದ್ದು ಗೋಡೆಯ ಮೈ ಮಾತ್ರ ಒದ್ದೆಯಾಗಿದ್ದರೆ ಒಳಗೆ ಮಣ್ಣು ಕಟ್ಟಿಕೊಂಡಿದೆ, ನೀರು ಹಿಂದೆಯೇ ನಿಂತಿದೆ. ಬರುವ ನೀರು ಕೆಸರಾಗಿದ್ದರೆ ಹಿಂದಿನ ಮಣ್ಣು ಕೊಚ್ಚಿ ಬರುತ್ತಿದೆ, ಗೋಡೆ ಹೊಟ್ಟೆ ಉಬ್ಬಿಕೊಂಡಿದ್ದರೆ ಆ ಮನೆಯ ಮಾತನ್ನೇ ಬಿಡುವುದು ಮೇಲು. ಗುಡ್ಡದ ಮೇಲ್ಭಾಗಕ್ಕೂ ಹತ್ತಿ ನೋಡಬೇಕು: ವಾಲಿದ ವಿದ್ಯುತ್ ಕಂಬಗಳು, ನೆಲದಲ್ಲಿ ಅಡ್ಡವಾಗಿ ಬಿಟ್ಟ ಹೊಸ ಸೀಳು, ಇದ್ದಕ್ಕಿದ್ದಂತೆ ಹೊಸ ಜಾಗದಲ್ಲಿ ಚಿಮ್ಮಿದ ಒರತೆ, ಇವು ನೆಲ ಜಾರುವ ಮುನ್ನ ಕಾಣುವ ಗುರುತುಗಳು. ನೈನಿತಾಲ್‌ನಲ್ಲಿ 1880ರ ಸೆಪ್ಟೆಂಬರ್ 18ರಂದು ಭಾರಿ ಮಳೆಯ ನಂತರ ಗುಡ್ಡ ಜಾರಿ 151 ಜನ ಸತ್ತರು. ಆಮೇಲೆ ಅಲ್ಲಿನ ಗುಡ್ಡಗಳ ಮೈಮೇಲೆ ಮಳೆನೀರನ್ನು ಬೇಗ ಹೊರಸಾಗಿಸುವ ಚರಂಡಿಗಳ ಜಾಲವನ್ನು ಕಟ್ಟಿದರು. ಬೆಟ್ಟದ ಊರಿನಲ್ಲಿ ಚರಂಡಿಗೆ ಕಸ ಎಸೆಯುವುದು ಹೊಲಸಿನ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ, ಕೆಳಗಿನ ಮನೆಯವರ ಪ್ರಾಣದ ಪ್ರಶ್ನೆಯಾಗುತ್ತದೆ. ಮಳೆಗಾಲಕ್ಕೆ ಮುಂಚೆ ನಾನು ನನ್ನ ಮೇಲಿನ ಎರಡು ಮನೆಗಳವರೊಂದಿಗೆ ಸೇರಿ ಚರಂಡಿಯನ್ನು ಉದ್ದಕ್ಕೂ ಬಿಡಿಸುತ್ತೇನೆ. ಅದು ನಮ್ಮ ಜಾಗವಲ್ಲ, ಆದರೆ ನೀರಿಗೆ ಗಡಿಯ ಪರಿವೆಯಿಲ್ಲ.

ಕುಡಿಯುವ ನೀರಿನ ಸಂಗತಿಯೂ ಮಟ್ಟದ ಸಂಗತಿಯೇ. ನೀರಿನ ಕೊಳವೆಯಲ್ಲಿ ಪ್ರತಿ 10 ಮೀಟರ್ ತಗ್ಗಿಗೆ ಸುಮಾರು 1 ಬಾರ್ (ಸಮುದ್ರಮಟ್ಟದ ಗಾಳಿಯ ಒತ್ತಡದಷ್ಟು) ಒತ್ತಡ ಹೆಚ್ಚುತ್ತದೆ. ಹಾಗಾಗಿ ಒಂದೇ ಟ್ಯಾಂಕಿನಿಂದ ನೀರು ಪಡೆಯುವ ಬೀದಿಯಲ್ಲಿ ಮೇಲಿನ ಮನೆಯ ನಲ್ಲಿ ಸಣ್ಣಗೆ ಒಸರುತ್ತಿದ್ದರೆ, 60 ಮೀಟರ್ ಕೆಳಗಿನ ಮನೆಯಲ್ಲಿ ವಾಷರು ಹಾರಿಹೋಗುತ್ತದೆ. ಕೆಳಗಿನವರು ನಲ್ಲಿ ತೆರೆದಾಗ ಮೇಲಿನವರಿಗೆ ನೀರೇ ಇಲ್ಲ. ಈ ವಿಷಯವಾಗಿ ನಡೆಯುವ ಜಗಳಗಳಲ್ಲಿ ಬಹುಪಾಲು ಯಾರದೂ ತಪ್ಪಿರುವುದಿಲ್ಲ, ಗುರುತ್ವದ್ದೇ ತಪ್ಪು. ನಾನು ಒಳಬರುವ ಕೊಳವೆಗೆ ಒತ್ತಡ ತಗ್ಗಿಸುವ ಕವಾಟ ಹಾಕಿಸಿ, ಮೂರು ದಿನಕ್ಕೆ ಸಾಲುವ ತೊಟ್ಟಿಯನ್ನು ಕಡಿದ ಗಟ್ಟಿ ನೆಲದ ಕಡೆ ಇರಿಸಿದೆ. ತುಂಬಿದ ಮಣ್ಣಿನ ಕಡೆ ತೊಟ್ಟಿ ಇಡಬಾರದು. ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ, ಜೊತೆಗೆ ಸೋರಿಕೆಯಾದರೆ ಕುಸಿತಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಮನೆಯೊಳಗಿನ ದೊಡ್ಡ ಶತ್ರು ಶೀತ ಮತ್ತು ಬೂಸು. ಗುಡ್ಡಕ್ಕೆ ಆತುಕೊಂಡ ಗೋಡೆ ಸದಾ ತಣ್ಣಗಿರುವುದರಿಂದ ಅಡುಗೆಯ, ಸ್ನಾನದ, ಉಸಿರಿನ ಆವಿಯೆಲ್ಲ ಅದರ ಮೇಲೆ ನೀರಾಗಿ ಕೂರುತ್ತದೆ. ಚಳಿಯೆಂದು ಕಿಟಕಿ ಬಿಗಿಯಾಗಿ ಮುಚ್ಚಿದಷ್ಟೂ ಬೂಸು ಹೆಚ್ಚು. ಬೀರು, ಮಂಚಗಳನ್ನು ಆ ಗೋಡೆಯಿಂದ ಒಂದು ಗೇಣಿನಷ್ಟು ದೂರ ಸರಿಸಿ, ದಿನಕ್ಕೆರಡು ಬಾರಿ ಎದುರುಬದುರಿನ ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆದಿಟ್ಟ ಮೇಲೆ ಪುಸ್ತಕಗಳ ಬೆನ್ನಿನ ಮೇಲಿನ ಹಸಿರು ಪುಡಿ ನಿಂತಿತು. ಒದ್ದೆ ಬಟ್ಟೆಯನ್ನು ಮನೆಯೊಳಗೆ ಒಣಹಾಕುವುದನ್ನು ಬಿಡಲು ಮಾತ್ರ ಮಳೆಗಾಲ ಅವಕಾಶ ಕೊಡುವುದಿಲ್ಲ.

ಅಡುಗೆಯಲ್ಲಿ ಹೊಂದಾಣಿಕೆ ಕಡಿಮೆ. 1500 ಮೀಟರ್ ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಕಾಳು ಬೇಯುವುದು ನಿಧಾನ. ಪ್ರೆಷರ್ ಕುಕ್ಕರ್ ಇದ್ದರೆ ಆ ಚಿಂತೆ ಇಲ್ಲ. ಬಯಲಿನಿಂದ ಬಂದ ಮೊಹರು ಮಾಡಿದ ಪೊಟ್ಟಣಗಳು ಉಬ್ಬಿಕೊಂಡು ಬರುತ್ತವೆ, ಅದು ಕೆಟ್ಟಿರುವುದರ ಲಕ್ಷಣವಲ್ಲ. ತಂಪಿದ್ದರೂ ಬಿಸಿಲು ಸುಡುತ್ತದೆ: ಪ್ರತಿ 1000 ಮೀಟರಿಗೆ ನೇರಳಾತೀತ ಕಿರಣಗಳ ತೀವ್ರತೆ ಶೇಕಡಾ 10ರಷ್ಟು ಏರುತ್ತದೆ. ವಾಹನದ ಬಗ್ಗೆ ಹೇಳುವುದಾದರೆ, ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಆದ್ದರಿಂದ ಹತ್ತಲು ಬಳಸಿದ ಗೇರಿನಲ್ಲೇ ಇಳಿಯಬೇಕು. ಮನೆಯ ಬಾಗಿಲಿಗೆ ರಸ್ತೆ ಇಲ್ಲದಿದ್ದರೆ ಕಾರನ್ನೇ ಇಟ್ಟುಕೊಳ್ಳದಿರುವುದು ಲೇಸು, ಏಕೆಂದರೆ ಇಂಥ ಊರುಗಳಲ್ಲಿ ಅತ್ಯಂತ ದುರ್ಲಭವಾದದ್ದು ಸಮತಟ್ಟಾದ ಜಾಗ. ಇರುವ ಒಂದು ಮೈದಾನವೇ ಆಟಕ್ಕೂ, ಸಭೆಗೂ, ಜಾತ್ರೆಗೂ, ಹೆಲಿಕಾಪ್ಟರ್ ಇಳಿಯುವುದಕ್ಕೂ ಆಗಬೇಕು.

ಬಯಲಿಗೆ ಇಳಿಯುವ ಹೆದ್ದಾರಿ ಒಂದೇ ಇರುವ ಊರುಗಳಲ್ಲಿ ಅದರ ಮೇಲೆ ಗುಡ್ಡ ಕುಸಿದ ದಿನ ತರಕಾರಿ, ಇಂಧನ, ಔಷಧ ಎಲ್ಲವೂ ನಿಲ್ಲುತ್ತವೆ. ದಿನಸಿಯ ಕೊರತೆಯನ್ನು ಹೇಗೋ ತೂಗಿಸಬಹುದು. ಮನೆಯಲ್ಲಿ ಒಬ್ಬರಿಗೆ ನಿತ್ಯದ ಮಾತ್ರೆಗಳಿರುವುದರಿಂದ ನಾವು ಹೊಸ ತಿಂಗಳ ಔಷಧವನ್ನು ಹಳೆಯದು ಎರಡು ವಾರಕ್ಕೆ ಉಳಿದಿರುವಾಗಲೇ ತರುತ್ತೇವೆ. ಪ್ರವಾಸಿಗರ ಋತುವಿನಲ್ಲೂ ಹೆಚ್ಚು ಕಡಿಮೆ ಇದೇ ಪರಿಸ್ಥಿತಿ, ರಸ್ತೆ ತೆರೆದಿರುತ್ತದೆ ಆದರೆ ವಾಹನಗಳು ಕದಲುವುದಿಲ್ಲ. ಅವರನ್ನು ಶಪಿಸುವುದು ಇಲ್ಲಿನವರ ರೂಢಿ; ಊರಿನ ಅರ್ಧದಷ್ಟು ಒಲೆಗಳು ಅವರಿಂದಲೇ ಉರಿಯುತ್ತವೆ ಎನ್ನುವುದನ್ನು ಗಮನಿಸಿದ ಮೇಲೆ ನಾನು ಆ ರೂಢಿಯನ್ನು ಬೆಳೆಸಿಕೊಳ್ಳಲಿಲ್ಲ. ವಾರಾಂತ್ಯದ ಕೆಲಸಗಳನ್ನು ಮಂಗಳವಾರಕ್ಕೆ ಸರಿಸಿಕೊಂಡೆ.

ಮಧ್ಯಮ ಗಾತ್ರದ ಊರಿನಲ್ಲಿ ಎಲ್ಲರಿಗೂ ಎಲ್ಲರ ಪರಿಚಯ ಇರುತ್ತದೆಂದು ಹೇಳುತ್ತಾರೆ. ನಾನು ಕಂಡಂತೆ ಪರಿಚಯವೂ ಅಡ್ಡಲಾಗಿ ಹಬ್ಬುತ್ತದೆ: ಒಂದೇ ಮಟ್ಟದ ಕಾಲುದಾರಿಯಲ್ಲಿರುವ ಮನೆಗಳು, ಅರ್ಧ ಕಿಲೋಮೀಟರ್ ದೂರವಿದ್ದರೂ, ಒಂದೇ ಕೇರಿಯಂತೆ ಬಾಳುತ್ತವೆ; ಕಿಟಕಿಯಿಂದ ಬಗ್ಗಿದರೆ ಕಾಣುವ ಕೆಳಗಿನ ಮನೆಯವರ ಹೆಸರು ಕೂಡ ಬಹಳ ಕಾಲ ನನಗೆ ಗೊತ್ತಿರಲಿಲ್ಲ. ಚಳಿಗಾಲದ ಸಂಜೆ ಐದಕ್ಕೆಲ್ಲ ಬೆಟ್ಟದ ನೆರಳು ಊರನ್ನು ಮುಚ್ಚಿದ ಮೇಲೆ ಸುಮ್ಮನೆ ಹರಟಲು ಯಾರೂ ಮೆಟ್ಟಿಲು ಹತ್ತಿ ಬರುವುದಿಲ್ಲ. ಈ ಏಕಾಂತವನ್ನು ಬಯಸಿ ಬರುವವರು ಮೊದಲ ಚಳಿಗಾಲ ಕಳೆದ ಮೇಲೆಯೇ ತೀರ್ಮಾನಕ್ಕೆ ಬರುವುದು ಒಳ್ಳೆಯದು.

ತುರ್ತು ಸಂದರ್ಭದಲ್ಲಿ ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ ಎನ್ನುವುದನ್ನು ನಾನು ಮನೆ ಹಿಡಿಯುವಾಗಲೇ ನಡೆದು ನೋಡಿಕೊಂಡಿದ್ದೆ. ನಮ್ಮ ಮಟ್ಟದಿಂದ ರಸ್ತೆಗೆ ಮೂರು ತಿರುವುಗಳ ಮೆಟ್ಟಿಲ ದಾರಿಯಿದೆ, ನಡುವಿನ ತಿರುವು ಉದ್ದನೆಯ ಸ್ಟ್ರೆಚರ್ ತಿರುಗಲಾರದಷ್ಟು ಕಿರಿದು. ಹಾಗಾಗಿ ಇಲ್ಲಿನ ಮನೆಗಳವರು ಹಣ ಕೂಡಿಸಿ, ಕೂರಿಸಿಕೊಂಡು ಹೊರಬಹುದಾದ ಮಡಚುವ ಕುರ್ಚಿಯೊಂದನ್ನು ಕೊಂಡು ಮೆಟ್ಟಿಲ ತಲೆಯ ಮನೆಯ ಜಗುಲಿಯಲ್ಲಿ ಇರಿಸಿದ್ದೇವೆ. ಅದನ್ನು ಹೊರಲು ಇಬ್ಬರು ಸಾಲುತ್ತಾರೆ, ಇಳಿಯುವಾಗ ಹಗ್ಗ ಹಿಡಿಯಲು ಮೂರನೆಯವರೊಬ್ಬರು ಬೇಕು.