11 ತಿಂಗಳ ಕರಾರು: ಹುಬ್ಬಳ್ಳಿ-ಧಾರವಾಡದಲ್ಲಿ ಬಾಡಿಗೆ ಮನೆ ಹಿಡಿಯುವ ಮೊದಲು

ಬಾಡಿಗೆ ಕರಾರು ಕೈಗೆ ಬಂದರೆ ಜನ ನೋಡುವುದು ಎರಡೇ ಅಂಕಿ: ತಿಂಗಳ ಬಾಡಿಗೆ ಮತ್ತು ಅಡ್ವಾನ್ಸ್. ಜಗಳ ಏಳುವುದು ಮಾತ್ರ ಅವಧಿಯ ಸಾಲಿನಲ್ಲಿ. ಎಂದು ಶುರು, ಎಂದು ಮುಗಿಯುತ್ತದೆ, ಮುಗಿದ ದಿನ ಏನಾಗಬೇಕು ಎಂಬುದನ್ನು ಮೊದಲು ಬರೆಸಿ.

11 ತಿಂಗಳೇ ಯಾಕೆ? 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು 11. ತಿಂಗಳ ಬಾಡಿಗೆಯ ಮನೆಗೆ ಇಷ್ಟು ಸಾಕು.

ಲೀಸ್ ಮಾತು ಬೇರೆ. ಲಕ್ಷಗಟ್ಟಲೆ ಕೊಟ್ಟು ಮೂರು ವರ್ಷಕ್ಕೆ ಮನೆ ಹಿಡಿದವರೂ ಇ-ಸ್ಟ್ಯಾಂಪ್ ಕಾಗದಕ್ಕೆ ನೋಟರಿ ಸಿಕ್ಕಾ ಹಾಕಿಸಿ ಸುಮ್ಮನಾಗುತ್ತಾರೆ. ನೋಟರಿ ಸಿಕ್ಕಾ ನೋಂದಣಿಯಲ್ಲ. ಓನರ್ ಸಾಲ ಕಟ್ಟದೆ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿದರೆ, ಆ ಕಾಗದ ತೋರಿಸಿ ಮೂರು ವರ್ಷ ಕೂಡ್ರಲು ಬರುವುದಿಲ್ಲ. ಆದ್ದರಿಂದ ಹಣ ಕೊಡುವ ಮೊದಲು ಸಿಟಿಎಸ್ ಉತಾರದ (ಸಿಟಿ ಸರ್ವೆ ಕಚೇರಿಯ ಆಸ್ತಿ ದಾಖಲೆ) ಹೊಸ ಪ್ರತಿ ತೆಗೆಸಿ, ಬೋಜಾ, ಅಂದರೆ ಆಸ್ತಿಯ ಮೇಲೆ ಸಾಲದ ಹೊರೆ, ಇದೆಯೇ ನೋಡಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರವನ್ನೂ ತೆಗೆಸಿ. ಉತಾರದ ಹೆಸರು, ಪಾಲಿಕೆಯ ತೆರಿಗೆ ರಶೀದಿಯ ಹೆಸರು, ಸಹಿ ಹಾಕುವವರ ಆಧಾರ್ ಮೂರೂ ತಾಳೆಯಾಗಬೇಕು. ತಂದೆ ತೀರಿಕೊಂಡು ಇನ್ನೂ ವಾರಸಾ ಆಗದ (ವಾರಸುದಾರರ ಹೆಸರು ದಾಖಲೆಗೆ ಏರದ) ಮನೆಯಾದರೆ ಎಲ್ಲ ವಾರಸುದಾರರ ಸಹಿ ಪಡೆಯಿರಿ. ಹಣವನ್ನು ತಮ್ಮ ಎಣಿಸಿಕೊಂಡ ಮೇಲೆ ಅಣ್ಣ ಬಂದು ‘ನನಗೇನು ಗೊತ್ತಿಲ್ಲ’ ಅನ್ನುವುದು ಈ ಊರಿಗೆ ಹೊಸದಲ್ಲ.

ಇನ್ನು ಅವಧಿ. ‘11 ತಿಂಗಳು’ ಎಂದಷ್ಟೇ ಬರೆದರೆ ಸಾಲದು. ಜೂನ್ 1ರಿಂದ ಮುಂದಿನ ಏಪ್ರಿಲ್ 30ರವರೆಗೆ ಎಂದು ವರ್ಷ ಸಮೇತ ಇರಲಿ. ನಡುವೆ ಬಿಡಬೇಕಾದರೆ ಯಾರೇ ಆಗಲಿ ಒಂದು ತಿಂಗಳು ಮುಂಚೆ ಲಿಖಿತ ನೋಟಿಸ್ ಕೊಡಬೇಕು ಎಂಬ ಷರತ್ತು ಹಾಕಿಸಿ. ಈ ಸಾಲು ಇಲ್ಲದಿದ್ದರೆ ಪೂರ್ತಿ ಅವಧಿಗೆ ಇಬ್ಬರೂ ಬದ್ಧರು. ಸಪ್ತಾಪುರದಲ್ಲಿ ಕೋಚಿಂಗ್‌ಗೆ ಬಂದ ಹುಡುಗರು ಪರೀಕ್ಷೆ ಮುಗಿಸಿ ಐದನೇ ತಿಂಗಳಿಗೆ ಗಂಟುಮೂಟೆ ಕಟ್ಟಿದಾಗ ಉಳಿದ ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಮುರಿದುಹೋಗುವುದು ಹೀಗೆ.

ಅವಧಿ ಮುಗಿದರೆ ಗುತ್ತಿಗೆ ತಾನಾಗಿ ಮುಗಿದಂತೆ. ಬೇರೆ ನೋಟಿಸ್ ಬೇಕಿಲ್ಲ. ಆದರೆ 12ನೇ ತಿಂಗಳ ಬಾಡಿಗೆಯನ್ನು ಓನರ್ ಸುಮ್ಮನೆ ತೆಗೆದುಕೊಂಡರೆ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಂ ಪ್ರಕಾರ ಅದು ತಿಂಗಳ ಲೆಕ್ಕದ ಬಾಡಿಗೆಯಾಗುತ್ತದೆ. ಆಮೇಲೆ ಬಿಡಿಸಲು 15 ದಿನದ ನೋಟಿಸ್ ಕೊಟ್ಟರೆ ಸಾಕು. ಹಳೇ ಕಾಗದದ ಮೇಲೆ ನಾಲ್ಕು ವರ್ಷ ಇದ್ದವರಿಗೆ ಇದು ಗೊತ್ತಾಗುವುದು ನೋಟಿಸ್ ಬಂದಾಗಲೇ. ಹೊಸ ತಾರೀಕಿನ ಹೊಸ ಕರಾರು ಮಾಡಿಸಿ. ಹಾಗಂತ ಅವಧಿ ಮುಗಿಯಿತೆಂದು ಓನರ್ ತಾವೇ ಬೀಗ ಬದಲಿಸಿ ಸಾಮಾನು ಹೊರಗಿಡುವಂತಿಲ್ಲ. ಹಾಗೆ ಮಾಡಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಆರು ತಿಂಗಳೊಳಗೆ ದಾವೆ ಹಾಕಬಹುದು.

ನೀರು, ಕರೆಂಟು ಸಣ್ಣ ವಿಷಯವೆಂದು ಬಿಡಬೇಡಿ. 24 ತಾಸು ನೀರು ಬರುವ ಭಾಗ ಬಿಟ್ಟರೆ ಉಳಿದ ಕಡೆ ಕೆಲವು ದಿನಗಳಿಗೊಮ್ಮೆ ನಲ್ಲಿ ಬರುತ್ತದೆ. ಸಂಪು ಎಷ್ಟು ಲೀಟರ್, ಎಷ್ಟು ಮನೆಗೆ ಹಂಚಿಕೆ, ಮೋಟಾರ್ ಯಾರ ಮೀಟರಿಗೆ ಜೋಡಿಸಿದೆ? ವೈರು ಹಿಡಿದು ನೋಡಿ. ಇಡೀ ಕಟ್ಟಡದ ಮೋಟಾರ್ ನಿಮ್ಮ ಮೀಟರಿಗಿದ್ದರೆ ಬಳಕೆ 200 ಯೂನಿಟ್ ದಾಟಿ ಗೃಹಜ್ಯೋತಿ ತಪ್ಪಿ ಪೂರ್ತಿ ಬಿಲ್ ನಿಮ್ಮ ತಲೆಗೇ. ಹಿಂದಿನ ಬಾಡಿಗೆದಾರರ ಆಧಾರ್ ಆ ಆರ್‌ಆರ್ ನಂಬರಿಗೆ (ಕರೆಂಟು ಸಂಪರ್ಕದ ಸಂಖ್ಯೆ) ಜೋಡಣೆಯಾಗಿದ್ದರೆ, ಅದನ್ನು ತೆಗೆಸಿದ ಮೇಲೆಯೇ ಸೇವಾಸಿಂಧುವಿನಲ್ಲಿ ನಿಮ್ಮದನ್ನು ಸೇರಿಸಬೇಕು.

ಅಡ್ವಾನ್ಸ್ ಚೆಕ್ ಅಥವಾ ಯುಪಿಐನಲ್ಲೇ ಕೊಟ್ಟು ಆ ನಂಬರನ್ನು ಕರಾರಿನಲ್ಲಿ ಬರೆಸಿ. ಸುಣ್ಣ-ಬಣ್ಣಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ ಎಂಬ ಅಂಕಿ ಈಗಲೇ ಬೀಳಲಿ; ‘ಖರ್ಚು ಕಳೆದು’ ಎಂದಿದ್ದರೆ ಒಪ್ಪಬೇಡಿ. ಕಾಲಿಟ್ಟ ದಿನವೇ ಗೋಡೆಯ ಸೀಳು, ನಲ್ಲಿ, ಮೀಟರ್ ರೀಡಿಂಗ್ ವಿಡಿಯೋ ಮಾಡಿ ಓನರ್‌ಗೆ ವಾಟ್ಸಾಪ್‌ನಲ್ಲಿ ಕಳಿಸಿ. ಬಿಡುವ ದಿನ ಹೆಸ್ಕಾಂ ಕೊನೇ ರೀಡಿಂಗ್, ನೀರಿನ ಬಾಕಿ ಚುಕ್ತಾ ಮಾಡಿ. ಕೀ ಒಪ್ಪಿಸಿದ್ದು, ಅಡ್ವಾನ್ಸ್ ಮರಳಿದ್ದು ಎರಡನ್ನೂ ಕರಾರಿನ ಹಿಂಬದಿಯಲ್ಲೇ ಬರೆದು, ತಾರೀಕು ಹಾಕಿ, ಇಬ್ಬರೂ ಸಹಿ ಮಾಡಿ.